ಎರಡು ಬಲ್ಬು, ಒಂದು ಪ್ರಶ್ನೆಪತ್ರಿಕೆ

2024ರ ಜುಲೈನಲ್ಲಿ ಹನ್ನೆರಡನೇ ತರಗತಿ ಮಟ್ಟದ ಒಂದು ಭೌತಶಾಸ್ತ್ರ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆ ವರ್ಷದ ನೀಟ್ ಪರೀಕ್ಷೆಯಲ್ಲಿ ಎರಡು ಹೇಳಿಕೆ ಕೊಟ್ಟು, ಯಾವುದು ಸರಿ, ಯಾವುದು ತಪ್ಪು ಎಂದು ಕೇಳಿದ್ದರು. ಪರಮಾಣುವಿನಲ್ಲಿ ಧನ, ಋಣ ಆವೇಶಗಳು ಸಮನಾಗಿರುವುದರಿಂದ ಅದು ತಟಸ್ಥ ಎಂಬುದು ಮೊದಲನೆಯದು. ಪ್ರತಿ ಧಾತುವಿನ ಪರಮಾಣುಗಳೂ ಸ್ಥಿರ, ತಮ್ಮದೇ ಆದ ರೋಹಿತವನ್ನು ಅವು ಹೊಮ್ಮಿಸುತ್ತವೆ ಎಂಬುದು ಎರಡನೆಯದು. ಎರಡನೆಯದರಲ್ಲಿ ತೊಡಕಿತ್ತು. ಎನ್‌ಸಿಇಆರ್‌ಟಿಯ ಹಳೆಯ ಪುಸ್ತಕ ಎಲ್ಲ ಧಾತುಗಳನ್ನೂ ಸೇರಿಸಿ ಸ್ಥಿರ ಎಂದಿತ್ತು. ಹೊಸ ಮುದ್ರಣ ಆ ಮಾತನ್ನು ಬಹುತೇಕ ಧಾತುಗಳಿಗೆ ಇಳಿಸಿಕೊಂಡಿತ್ತು. ಅಣ್ಣನದೋ ಅಕ್ಕನದೋ ಹಳೆಯ ಪುಸ್ತಕ ಓದಿದ ಮಗು ಒಂದು ಉತ್ತರ ಗುರುತಿಸಿತು, ಹೊಸದು ಕೊಂಡ ಮಗು ಇನ್ನೊಂದನ್ನು. ಪರೀಕ್ಷೆ ನಡೆಸಿದ ರಾಷ್ಟ್ರೀಯ ಸಂಸ್ಥೆ ಎರಡಕ್ಕೂ ಅಂಕ ಕೊಟ್ಟಿತು.

ತಪ್ಪಾದರೆ ಅಂಕ ಕಡಿತವಾಗುತ್ತದೆಂದು ಆ ಪ್ರಶ್ನೆಯನ್ನು ಮುಟ್ಟದೆ ಬಿಟ್ಟಿದ್ದ ಅಭ್ಯರ್ಥಿಯೊಬ್ಬರು ನ್ಯಾಯಾಲಯಕ್ಕೆ ಹೋದರು. ಒಂದು ಪ್ರಶ್ನೆಗೆ ಎರಡು ಸರಿಯುತ್ತರ ಇರಲು ಹೇಗೆ ಸಾಧ್ಯ ಎಂಬುದು ಅವರ ತಕರಾರು. ಮೂವರು ತಜ್ಞರ ಸಮಿತಿ ಮಾಡಿ ಮಾರನೆಯ ದಿನ ಮಧ್ಯಾಹ್ನದೊಳಗೆ ಉತ್ತರ ತಿಳಿಸುವಂತೆ ದೆಹಲಿ ಐಐಟಿಯ ನಿರ್ದೇಶಕರಿಗೆ ನ್ಯಾಯಾಲಯ ಸೂಚಿಸಿತು. ಎರಡನೆಯ ಹೇಳಿಕೆ ತಪ್ಪು ಎಂದು ಸಮಿತಿ ಹೇಳಿತು. 4 ಲಕ್ಷಕ್ಕೂ ಹೆಚ್ಚು ಮಕ್ಕಳ ಅಂಕ ಇಳಿಯಿತು. ಪೂರ್ಣ 720 ಅಂಕ ಪಡೆದಿದ್ದ 61 ಮಂದಿಯಲ್ಲಿ 44 ಮಂದಿ ಆ ಪಟ್ಟಿಯಿಂದ ಹೊರಬಿದ್ದರು.

ಸುದ್ದಿಯಾದದ್ದು ಅಂಕ, ರ‍್ಯಾಂಕು, ಸೀಟು. ಭೌತಶಾಸ್ತ್ರ ಸುದ್ದಿಯಾಗಲೇ ಇಲ್ಲ. ಪರಮಾಣು ಸ್ಥಿರ ಎಂದರೇನು? ಯುರೇನಿಯಂ, ರೇಡಿಯಂಗಳ ನ್ಯೂಕ್ಲಿಯಸ್ ತಾನಾಗಿ ಒಡೆಯುತ್ತದೆ, ಟೆಕ್ನೀಷಿಯಂಗಂತೂ ಸ್ಥಿರವಾದ ಐಸೋಟೋಪ್ ಒಂದೂ ಇಲ್ಲ. ಆ ಅರ್ಥದಲ್ಲಿ ಹೇಳಿಕೆ ಖಂಡಿತ ತಪ್ಪು. ಆದರೆ ಪರಮಾಣುವಿನ ಪಾಠದಲ್ಲಿ ‘ಸ್ಥಿರ’ ಎಂಬ ಮಾತು ಬರುವುದು ಬೇರೊಂದು ಪ್ರಸಂಗದಲ್ಲಿ. ರುದರ್‌ಫೋರ್ಡ್ ಚಿತ್ರಿಸಿದಂತೆ ಎಲೆಕ್ಟ್ರಾನು ನ್ಯೂಕ್ಲಿಯಸ್ಸಿನ ಸುತ್ತ ಸುತ್ತುತ್ತಿದ್ದರೆ, ಹಳೆಯ ವಿದ್ಯುತ್ಕಾಂತ ಸಿದ್ಧಾಂತದ ಪ್ರಕಾರ ಅದು ಶಕ್ತಿ ಕಳೆದುಕೊಳ್ಳುತ್ತ ಕಣ್ಣು ಮಿಟುಕಿಸುವುದರೊಳಗೆ ಒಳಕ್ಕೆ ಬಿದ್ದುಬಿಡಬೇಕು. ಬೀಳುವುದಿಲ್ಲ. ಬೋರ್ 1913ರಲ್ಲಿ ಎದುರಿಸಿದ ಸಮಸ್ಯೆ ಅದೇ. ಆ ಅರ್ಥದಲ್ಲಿ ಯುರೇನಿಯಂ ಪರಮಾಣುವೂ ಸ್ಥಿರವೇ. ಈ ಎರಡೂ ಅರ್ಥಗಳನ್ನು ಬಲ್ಲ ವಿದ್ಯಾರ್ಥಿ ಪ್ರಶ್ನೆಯ ಮುಂದೆ ತಡವರಿಸುತ್ತಾನೆ. ಪುಸ್ತಕದ ಸಾಲನ್ನು ಕಣ್ಣಿಗೆ ಕಟ್ಟಿಕೊಂಡವನು ಹತ್ತು ಸೆಕೆಂಡಿನಲ್ಲಿ ಗುರುತು ಹಾಕಿ ಮುಂದೆ ಹೋಗುತ್ತಾನೆ. ಯೋಚಿಸಬಲ್ಲವನಿಗೇ ಕಾಲು ತೊಡರುವ ಪ್ರಶ್ನೆಯಿಂದ 23 ಲಕ್ಷ ಮಕ್ಕಳನ್ನು ತೂಗಲಾಯಿತು.

ಇಂಥದ್ದು ಒಮ್ಮೊಮ್ಮೆ ನಡೆಯುವ ಅಚಾತುರ್ಯ ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಪಿಯು ಹಂತದ ನಮ್ಮ ಭೌತಶಾಸ್ತ್ರ ಪರೀಕ್ಷೆಗಳು, ಬೋರ್ಡಿನದಾಗಲಿ ಪ್ರವೇಶದ್ದಾಗಲಿ, ಮಗುವಿಗೆ ಪುಸ್ತಕ ಎಷ್ಟು ಗೊತ್ತು, ಕೈ ಎಷ್ಟು ಬೇಗ ಓಡುತ್ತದೆ ಎಂಬ ಎರಡನ್ನು ಚೆನ್ನಾಗಿಯೇ ಅಳೆಯುತ್ತವೆ. ಕಣ್ಣೆದುರಿನ ಒಂದು ಸಂಗತಿಯಲ್ಲಿ ಭೌತಶಾಸ್ತ್ರವನ್ನು ಕಾಣಬಲ್ಲದೇ ಎಂಬುದನ್ನು ಅಳೆಯುವುದು ತೀರಾ ಕಡಿಮೆ. ಅಳೆಯದಿರುವುದನ್ನು ಕಾಲೇಜಿನಲ್ಲಿ ಕಲಿಸಲೂ ಯಾರಿಗೂ ಪುರುಸೊತ್ತಿಲ್ಲ.

ಒಂದು ಉದಾಹರಣೆ ಎತ್ತಿಕೊಳ್ಳೋಣ. 100 ವ್ಯಾಟಿನ ಒಂದು, 25 ವ್ಯಾಟಿನ ಒಂದು, ಹೀಗೆ ಎರಡು ಹಳೆಯ ಫಿಲಮೆಂಟ್ ಬಲ್ಬುಗಳಿವೆ. ಎರಡನ್ನೂ ಸರಣಿಯಲ್ಲಿ, ಅಂದರೆ ಸೀರೀಸ್‌ನಲ್ಲಿ ಜೋಡಿಸಿ ಮನೆಯ 230 ವೋಲ್ಟಿಗೆ ಕೊಟ್ಟರೆ ಯಾವುದು ಹೆಚ್ಚು ಬೆಳಗುತ್ತದೆ? ಓಮ್‌ನ ನಿಯಮ, ಸಾಮರ್ಥ್ಯದ ಸೂತ್ರ ಎರಡೂ ನಾಲಿಗೆಯ ತುದಿಯಲ್ಲಿರುವ ವಿದ್ಯಾರ್ಥಿಗಳಲ್ಲೂ ಬಹಳ ಮಂದಿ ಥಟ್ಟನೆ 100 ವ್ಯಾಟಿನದು ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿದರೆ 25 ವ್ಯಾಟಿನ ಬಲ್ಬಿನ ರೋಧ 2116 ಓಮ್, 100 ವ್ಯಾಟಿನದು 529 ಓಮ್. ಸರಣಿಯಲ್ಲಿ ಎರಡರಲ್ಲೂ ಹರಿಯುವ ಪ್ರವಾಹ ಒಂದೇ ಆದ್ದರಿಂದ ರೋಧ ಹೆಚ್ಚಿದ್ದಲ್ಲಿ ಶಕ್ತಿ ಹೆಚ್ಚು ಖರ್ಚಾಗುತ್ತದೆ: ಚಿಕ್ಕದಕ್ಕೆ ಸುಮಾರು 16 ವ್ಯಾಟ್, ದೊಡ್ಡದಕ್ಕೆ ಬರೀ 4. ವಾಸ್ತವದಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಕಾಯದ ಫಿಲಮೆಂಟಿನ ರೋಧ ತಗ್ಗಿಯೇ ಇರುವುದರಿಂದ 100 ವ್ಯಾಟಿನದು ಕೆಂಪಗಾದರೆ ಹೆಚ್ಚು. ಬಲ್ಬಿನ ಮೇಲೆ ಅಚ್ಚಾದ ವ್ಯಾಟು ಅದರ ಸ್ವಂತ ಗುಣವಲ್ಲ, 230 ವೋಲ್ಟ್ ಪೂರ್ತಿ ಸಿಕ್ಕಾಗ ಮಾತ್ರ ಹೊಂದುವ ಸಂಖ್ಯೆ ಎಂಬ ತಿಳಿವಳಿಕೆ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ. ಎರಡು ರೋಧ ಕೊಟ್ಟು ಪ್ರವಾಹ ಕಂಡುಹಿಡಿ ಎಂದಿದ್ದರೆ ಅದೇ ವಿದ್ಯಾರ್ಥಿ ಎರಡು ದಶಮಾಂಶದವರೆಗೆ ಸರಿಯಾಗಿ ಬರೆಯುತ್ತಿದ್ದ.

ಕರ್ನಾಟಕದ ದ್ವಿತೀಯ ಪಿಯು ಭೌತಶಾಸ್ತ್ರದಲ್ಲಿ ಬರವಣಿಗೆಗೆ 70 ಅಂಕ, ಪ್ರಾಯೋಗಿಕಕ್ಕೆ 30. ಯಾವ ಅಧ್ಯಾಯದಿಂದ ಎಷ್ಟು ಅಂಕ ಬರುತ್ತದೆಂಬ ಬ್ಲೂಪ್ರಿಂಟ್ ಮೊದಲೇ ಗೊತ್ತಿರುತ್ತದೆ. ಎರಡು, ಮೂರು, ಐದು ಅಂಕದ ಭಾಗಗಳಲ್ಲಿ ಆಯ್ಕೆ ಧಾರಾಳ. ಹಳೆಯ ಹತ್ತು ವರ್ಷದ ಪತ್ರಿಕೆ ಮುಂದಿಟ್ಟುಕೊಂಡು ಕೂತ ಅನುಭವಿ ಉಪನ್ಯಾಸಕರು ಈ ವರ್ಷ ಯಾವ ಡೆರಿವೇಶನ್ ಬರಬಹುದೆಂದು ಬೆರಳು ಮಡಚಿ ಹೇಳಬಲ್ಲರು. ಇದರಿಂದ ಹುಟ್ಟಿದ್ದೇ ‘ಪಾಸಿಂಗ್ ಪ್ಯಾಕೇಜ್’. ಕೆಲವೇ ಪುಟಗಳ ಜೆರಾಕ್ಸ್ ಕಟ್ಟು, ಇಷ್ಟು ಕಲಿತರೆ ದಡ ಸೇರಿದ ಹಾಗೆ. ಹಿಂದುಳಿದ ಮಗುವಿನ ವರ್ಷ ಹಾಳಾಗಬಾರದೆಂದು ರಾತ್ರಿ ಕೂತು ಅದನ್ನು ಬರೆದು ಹಂಚುವ ಉಪನ್ಯಾಸಕರ ಕಳಕಳಿಯಲ್ಲಿ ಎಳ್ಳಷ್ಟೂ ಕೊಂಕಿಲ್ಲ. ತಪ್ಪಿರುವುದು ಹಾಗೆ ಕಟ್ಟು ಕಟ್ಟಲು ಒದಗುವ ಪರೀಕ್ಷೆಯಲ್ಲಿ.

ಡೆರಿವೇಶನ್ ಎಂದರೆ ಬಾಯಿಪಾಠ ಎಂದು ತಳ್ಳಿಹಾಕುವ ಹೊಸ ಮಾತಿಗೂ ಇಲ್ಲಿ ತಲೆದೂಗಬೇಕಿಲ್ಲ. ಮಸೂರ ತಯಾರಕರ ಸೂತ್ರವನ್ನು ಮೊದಲ ಗೆರೆಯಿಂದ ಕೊನೆಯವರೆಗೆ ಕಟ್ಟುವುದು ಮನಸ್ಸಿಗೆ ಒಳ್ಳೆಯ ಗರಡಿ. ಹಂತ ಹಂತವಾಗಿ ಅಂಕ ಕೊಡುವ ಮೌಲ್ಯಮಾಪನದ ಸ್ಕೀಮ್ ಸಾಧಾರಣ ವಿದ್ಯಾರ್ಥಿಯ ಶ್ರಮಕ್ಕೆ ಬೆಲೆ ಕೊಡುತ್ತದೆ. ಕೊರತೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಮಸೂರವನ್ನು ನೀರಿನಲ್ಲಿ ಮುಳುಗಿಸಿದರೆ ಅದರ ನಾಭಿದೂರ ಹೆಚ್ಚುತ್ತದೋ ಕಡಿಮೆಯಾಗುತ್ತದೋ, ಏಕೆ ಎಂದು ಆ ಸೂತ್ರವನ್ನೇ ಹಿಡಿದು ಕೇಳಬಹುದು. ಒಮ್ಮೆ ಹಾಗೆ ಕೇಳಿದರೆ ಮುಂದಿನ ವರ್ಷ ಅದೂ ‘ಐಎಂಪಿ’ ಪಟ್ಟಿಗೆ ಸೇರುತ್ತದೆ. ಹಾಗಾಗಿ ಪ್ರತಿ ವರ್ಷ ಹೊಸತನ್ನು ಕೇಳುವ ಪರಿಶ್ರಮಕ್ಕೆ ಪ್ರಶ್ನೆ ತೆಗೆಯುವವರು ಸಿದ್ಧರಿರಬೇಕು.

ಪ್ರವೇಶ ಪರೀಕ್ಷೆಗಳ ತೊಂದರೆಯೇ ಬೇರೆ. ಸಿಇಟಿಯ ಭೌತಶಾಸ್ತ್ರದಲ್ಲಿ 60 ಪ್ರಶ್ನೆ, 80 ನಿಮಿಷ. ಓದಿ, ಯೋಚಿಸಿ, ಓಎಂಆರ್ ಹಾಳೆಯ ಗುಂಡಿಗೆ ಮಸಿ ತುಂಬಲು ಒಂದಕ್ಕೆ 80 ಸೆಕೆಂಡು. ನೀಟ್‌ನಲ್ಲಿ ಈಗ 180 ಪ್ರಶ್ನೆಗೆ 180 ನಿಮಿಷ. ಇಷ್ಟು ವೇಗದಲ್ಲಿ ಯೋಚನೆ ನಡೆಯುವುದಿಲ್ಲ, ಗುರುತು ಹಿಡಿಯುವುದು ಮಾತ್ರ ನಡೆಯುತ್ತದೆ. ಪ್ರಶ್ನೆಯ ಚಹರೆ ನೋಡಿದೊಡನೆ ಅದು ಯಾವ ಮಾದರಿಯದು, ಯಾವ ಶಾರ್ಟ್‌ಕಟ್ ಬೇಕು ಎಂದು ಹೊಳೆಯಬೇಕು. ಇಂಟಿಗ್ರೇಟೆಡ್ ಕಾಲೇಜುಗಳು ಬೆಳಗ್ಗೆಯಿಂದ ರಾತ್ರಿವರೆಗೆ ಮಾಡಿಸುವುದು ಈ ಚಹರೆ ಗುರುತಿಸುವ ಅಭ್ಯಾಸವನ್ನೇ. ಅದಕ್ಕೆ ಲಕ್ಷಗಟ್ಟಲೆ ಶುಲ್ಕ ಕೊಡಬಲ್ಲ ಮನೆಯ ಮಗುವಿಗೂ, ಹೋಬಳಿಯ ಸರ್ಕಾರಿ ಕಾಲೇಜಿನಲ್ಲಿ ಅರ್ಧ ವರ್ಷ ಅತಿಥಿ ಉಪನ್ಯಾಸಕರಿಗಾಗಿ ಕಾದ ಮಗುವಿಗೂ ಅದೇ 80 ಸೆಕೆಂಡು. 2024ರ ಸಿಇಟಿಯಲ್ಲಿ ಪಠ್ಯಕ್ರಮದಲ್ಲಿ ಇಲ್ಲದ ಪ್ರಶ್ನೆಗಳು ನುಸುಳಿ, ಗದ್ದಲವಾಗಿ, ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಬೇಕಾಯಿತು. ಪಠ್ಯದ ಒಳಗೋ ಹೊರಗೋ ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಒಳಗಿದ್ದ ಪ್ರಶ್ನೆಗಳು ಏನನ್ನು ಅಳೆದವು ಎಂಬ ಚರ್ಚೆ ನಡೆಯಲಿಲ್ಲ.

ಪ್ರಾಯೋಗಿಕ ಪರೀಕ್ಷೆಯಾದರೂ ಈ ಕೊರತೆ ತುಂಬಬೇಕಿತ್ತು. ಮೀಟರ್ ಬ್ರಿಜ್ ಪ್ರಯೋಗವನ್ನು ಹತ್ತಿರದಿಂದ ನೋಡಿ. ಮರದ ಹಲಗೆಯ ಮೇಲೆ ಒಂದು ಮೀಟರ್ ತಂತಿ, ಎಡಗಡೆ ರೋಧದ ಪೆಟ್ಟಿಗೆ, ಬಲಗಡೆ ಬೆಲೆ ಗೊತ್ತಿಲ್ಲದ ಸುರುಳಿ, ನಡುವೆ ಗ್ಯಾಲ್ವನೋಮೀಟರ್. ಜಾಕಿಯನ್ನು ತಂತಿಯ ಮೇಲೆ ಎಳೆಯದೆ ಮೆಲ್ಲಗೆ ತಟ್ಟುತ್ತ, ಮುಳ್ಳು ಸೊನ್ನೆಗೆ ನಿಲ್ಲುವ ಜಾಗ ಹುಡುಕಬೇಕು. ಮುಳ್ಳು ಒಂದೇ ಕಡೆ ಓಡುತ್ತಿದ್ದರೆ ಎಲ್ಲೋ ಸಂಪರ್ಕ ಸಡಿಲವಾಗಿದೆ ಎಂದರ್ಥ, ಸ್ಕ್ರೂ ಬಿಚ್ಚಿ, ತಂತಿಯ ತುದಿಯನ್ನು ಮರಳು ಕಾಗದದಿಂದ ಉಜ್ಜಿ, ಮತ್ತೆ ಬಿಗಿಯಬೇಕು. ಭೌತಶಾಸ್ತ್ರ ಕೈಗೆ ಹತ್ತುವುದು ಅಲ್ಲೇ. ಆದರೆ ಹೊರಗೆ ಮುಂದಿನ ತಂಡ ಕಾಯುತ್ತಿದೆ. ಸುರುಳಿ 6 ಓಮ್‌ನದೆಂದು ಹಿಂದಿನ ತಂಡದಿಂದ ಸುದ್ದಿ ಬಂದಿದೆ. ವಿದ್ಯಾರ್ಥಿನಿ ಪೆಟ್ಟಿಗೆಯಲ್ಲಿ 2 ಓಮ್ ಇಟ್ಟಾಗ 25 ಸೆಂಟಿಮೀಟರ್, 3 ಇಟ್ಟಾಗ 33.3, 4 ಇಟ್ಟಾಗ 40 ಎಂದು ಹಿಂದುಮುಂದಾಗಿ ಲೆಕ್ಕ ಹಾಕಿ ಕೋಷ್ಟಕ ತುಂಬುತ್ತಾಳೆ. ಮೂರು ಸಾಲಿಗೂ ಉತ್ತರ ಸರಿಯಾಗಿ 6.0. ನಿಜವಾಗಿ ಅಳೆದಿದ್ದರೆ 5.8, 6.1, 6.3 ಎಂದು ಒಂದಿಷ್ಟು ಏರುಪೇರು ಇರುತ್ತಿತ್ತು. ಪರೀಕ್ಷಕರಿಗೂ ಅದು ಗೊತ್ತು. ಏರುಪೇರಿಗೆ ಅಂಕ ಕಡಿತವಾಗುವ ರೂಢಿ ಇರುವಾಗ ಆ ಹುಡುಗಿ ಇನ್ನೇನು ಮಾಡಿಯಾಳು? ಸರಳ ಲೋಲಕದ ಪ್ರಯೋಗದಲ್ಲಿ ರಾಜ್ಯದ ಮೂಲೆಮೂಲೆಯಲ್ಲೂ ಗುರುತ್ವ ವೇಗೋತ್ಕರ್ಷ 9.8 ಬರುವುದೂ ಹೀಗೆಯೇ. ಅಳತೆಯಲ್ಲಿ ಎಷ್ಟು ತಪ್ಪಿರಬಹುದು, ಅದು ಎಲ್ಲಿಂದ ಬಂತು ಎಂದು ಪ್ರಾಮಾಣಿಕವಾಗಿ ಬರೆಯುವುದೇ ಪ್ರಯೋಗಶಾಸ್ತ್ರದ ಜೀವಾಳ. ಅದನ್ನು ಬರೆದರೆ ಅಂಕ ಹೋಗುತ್ತದೆಂದು ಹದಿನೇಳರ ಮಕ್ಕಳಿಗೆ ನಾವೇ ಕಲಿಸುತ್ತಿದ್ದೇವೆ. ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ನೋವು ಕೊಡುವ ಸಂಗತಿ ಇದು.

ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಹೆಸ್ಟನೀಸ್, ಸೂತ್ರ ಬಲ್ಲವರಿಗೂ ಭೌತಶಾಸ್ತ್ರ ಕಾಣದಿರುವ ಗೊಂದಲವನ್ನು ಬೇರೆ ತುದಿಯಿಂದ ಹಿಡಿದರು. ಇಬ್ರಾಹಿಂ ಹಲ್ಲೂನ್ ಜೊತೆ 1985ರಲ್ಲಿ ಪ್ರಕಟಿಸಿದ ಕೆಲಸದ ಮುಂದುವರಿಕೆಯಾಗಿ 1992ರಲ್ಲಿ ಅವರು ಮಾಲ್ಕಂ ವೆಲ್ಸ್, ಗ್ರೆಗ್ ಸ್ವಾಕಹ್ಯಾಮರ್ ಎಂಬಿಬ್ಬರೊಂದಿಗೆ ಬಲದ ಪರಿಕಲ್ಪನೆಯನ್ನು ಪರೀಕ್ಷಿಸುವ ಒಂದು ಪ್ರಶ್ನಾವಳಿ ಹೊರತಂದರು. ಈ ಇಬ್ಬರೂ ಹೈಸ್ಕೂಲ್ ಶಿಕ್ಷಕರು ಎಂಬುದನ್ನು ಒತ್ತಿ ಹೇಳಬೇಕು. ಅದರಲ್ಲಿ ಒಂದೂ ಲೆಕ್ಕವಿಲ್ಲ. ಚೆಂಡನ್ನು ನೇರ ಮೇಲಕ್ಕೆ ಎಸೆದಿದೆ. ಕೈಬಿಟ್ಟು ಇನ್ನೂ ಮೇಲೇರುತ್ತಿರುವಾಗ ಅದರ ಮೇಲೆ ಯಾವ ಯಾವ ಬಲಗಳಿವೆ? ಭಾರದ ಲಾರಿಗೂ ಪುಟ್ಟ ಕಾರಿಗೂ ಢಿಕ್ಕಿಯಾದಾಗ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ? ಈ ಬಗೆಯ ಪ್ರಶ್ನೆಗಳು. ಗಾಳಿಯ ತಡೆ ಬಿಟ್ಟರೆ ಚೆಂಡಿನ ಮೇಲಿರುವುದು ಗುರುತ್ವ ಒಂದೇ, ಢಿಕ್ಕಿಯಲ್ಲಿ ಎರಡೂ ಬಲ ಸಮ. ನ್ಯೂಟನ್ನನ ಮೂರು ನಿಯಮಗಳನ್ನು ಒಪ್ಪಿಸಬಲ್ಲ, ಅವುಗಳ ಮೇಲಿನ ಲೆಕ್ಕ ಬಿಡಿಸಬಲ್ಲ ಅಸಂಖ್ಯ ವಿದ್ಯಾರ್ಥಿಗಳು ಇವೆರಡರಲ್ಲೂ ಎಡವಿದರು.

ಹಾರ್ವರ್ಡ್‌ನಲ್ಲಿ ಪಾಠ ಮಾಡುತ್ತಿದ್ದ ಎರಿಕ್ ಮಜೂರ್ ತಮ್ಮ ವಿದ್ಯಾರ್ಥಿಗಳಿಗೆ ಈ ಬಗೆಯ ಪ್ರಶ್ನೆಗಳು ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದರು. ಪರೀಕ್ಷೆ ಕೊಟ್ಟಾಗ ಒಬ್ಬ ವಿದ್ಯಾರ್ಥಿನಿ ಕೈಯೆತ್ತಿ, ನೀವು ಕಲಿಸಿದಂತೆ ಉತ್ತರಿಸಲೋ, ನಾನು ಯೋಚಿಸುವಂತೆ ಉತ್ತರಿಸಲೋ ಎಂದು ಕೇಳಿದಳು. ಆ ಪ್ರಶ್ನೆಯಿಂದ ಅವರ ಪಾಠದ ರೀತಿಯೇ ಬದಲಾಯಿತು. ಆಮೇಲೆ ಒಂದೇ ಪತ್ರಿಕೆಯಲ್ಲಿ ವಿದ್ಯುನ್ಮಂಡಲದ ಎರಡು ಪ್ರಶ್ನೆ ಇಟ್ಟು ನೋಡಿದರು. ಒಂದು ಅಂಕಿಗಳಿದ್ದ ಕಠಿಣ ಲೆಕ್ಕ, ಇನ್ನೊಂದು ಸ್ವಿಚ್ ಹಾಕಿದರೆ ಬಲ್ಬಿನ ಬೆಳಕು ಏನಾಗುತ್ತದೆಂಬ ಸರಳ ಪ್ರಶ್ನೆ. ವಿದ್ಯಾರ್ಥಿಗಳು ಲೆಕ್ಕದಲ್ಲಿ ಹೆಚ್ಚು ಅಂಕ ಪಡೆದರು, ಬಲ್ಬಿನಲ್ಲಿ ಕಡಿಮೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಲಿಲಿಯನ್ ಮೆಕ್‌ಡರ್ಮಟ್ ತಂಡ ಒಂದೇ ತರಹದ ಐದು ಬಲ್ಬುಗಳ ಚಿತ್ರ ಕೊಟ್ಟಿತ್ತು. ಒಂದು ಒಂಟಿಯಾಗಿ, ಎರಡು ಸರಣಿಯಲ್ಲಿ, ಎರಡು ಸಮಾಂತರವಾಗಿ, ಬೆಳಕಿನ ಪ್ರಕಾರ ಕ್ರಮ ಹಾಕಬೇಕು. ಸರಿಯಾಗಿ ಹಾಕಿದವರು ಶೇ. 15ರಷ್ಟು ಮಾತ್ರ.

ಈ ಪ್ರಶ್ನಾವಳಿಗಳಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಹೆಸ್ಟನೀಸ್ ಅವರದೂ ಬಹು ಆಯ್ಕೆಯ ಪರೀಕ್ಷೆಯೇ. ಯಂತ್ರದಿಂದ ಅಂಕ ಹಾಕಬಹುದು, ಲಕ್ಷ ಜನರಿಗೂ ಕೊಡಬಹುದು. ವ್ಯತ್ಯಾಸ ಇರುವುದು ತಪ್ಪು ಆಯ್ಕೆಗಳಲ್ಲಿ. ಮೊದಲು ಮಕ್ಕಳಿಗೆ ಆಯ್ಕೆಗಳಿಲ್ಲದ ಪ್ರಶ್ನೆ ಕೊಟ್ಟು, ಅವರು ತಮ್ಮದೇ ಮಾತಿನಲ್ಲಿ ಬರೆದದ್ದನ್ನು ಓದಿ, ಹೆಚ್ಚು ಮಂದಿ ನಂಬಿರುವ ತಪ್ಪುಗಳನ್ನೇ ಆಯ್ಕೆಗಳಾಗಿ ಇಟ್ಟರು. ನಮ್ಮ ಪತ್ರಿಕೆಗಳಲ್ಲಿ ತಪ್ಪು ಆಯ್ಕೆ ಎಂದರೆ ಸರಿಯುತ್ತರದ ದುಪ್ಪಟ್ಟು, ಅರ್ಧ, ಇಲ್ಲವೇ ವರ್ಗಮೂಲ. ಅದರಿಂದ ಗುಣಾಕಾರ ತಪ್ಪಿದವನು ಸಿಕ್ಕಿಬೀಳುತ್ತಾನೆ, ವಿಷಯ ತಪ್ಪು ತಿಳಿದವನು ಸಿಕ್ಕುವುದಿಲ್ಲ. ಆದ್ದರಿಂದ ಲಕ್ಷಾಂತರ ಮಕ್ಕಳಿರುವಾಗ ತಿಳಿವಳಿಕೆ ಪರೀಕ್ಷಿಸಲು ಆಗದು ಎಂಬ ವಾದ ನಿಲ್ಲುವುದಿಲ್ಲ.

ಇಷ್ಟಾದರೂ ಅಂಥ ಪ್ರಶ್ನಾವಳಿಯೊಂದು ಸಿಕ್ಕರೆ ಎಲ್ಲ ಮುಗಿಯಿತೆಂದೂ ಅಲ್ಲ. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಲೇ ಬಾವ್ ತಂಡ 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಹೋಲಿಕೆ ಪ್ರಕಟಿಸಿತು. ಆಗಷ್ಟೇ ವಿಶ್ವವಿದ್ಯಾಲಯ ಸೇರಿದ ಚೀನಾದ ಮತ್ತು ಅಮೆರಿಕದ ವಿದ್ಯಾರ್ಥಿಗಳಿಗೆ ಬಲದ ಆ ಪ್ರಶ್ನಾವಳಿ ಕೊಟ್ಟಾಗ ಚೀನಾದವರ ಸರಾಸರಿ ಶೇ. 86ರಷ್ಟು, ಅಮೆರಿಕದವರದು ಶೇ. 49ರಷ್ಟು. ವರ್ಷಗಟ್ಟಲೆ ಬಿಡದೆ ಭೌತಶಾಸ್ತ್ರ ಓದಿದ್ದು ಚೀನಾದವರಿಗೆ ಫಲ ಕೊಟ್ಟಿತ್ತು. ಇಂಥ ವಿದ್ಯಾರ್ಥಿಗಳಿಗೇ ವೈಜ್ಞಾನಿಕವಾಗಿ ತರ್ಕಿಸುವ ಶಕ್ತಿಯ ಬೇರೊಂದು ಪರೀಕ್ಷೆ ಕೊಟ್ಟಾಗ ಎರಡೂ ಕಡೆಯವರು ಹೆಚ್ಚುಕಡಿಮೆ ಸಮ, ಶೇ. 75ರ ಹತ್ತಿರ. ವಿಷಯ ಬಲ್ಲವರೆಲ್ಲ ತಾವಾಗಿ ಹೆಚ್ಚು ಚೆನ್ನಾಗಿ ತರ್ಕಿಸುವವರಾಗಿರಲಿಲ್ಲ. ಹೆಚ್ಚು ಪಾಠ, ಹೆಚ್ಚು ಲೆಕ್ಕ, ಹೆಚ್ಚು ಮಾಕ್ ಟೆಸ್ಟ್ ಎಂಬ ಹಾದಿಯಲ್ಲಿ ನಾವೂ ನಡೆಯುತ್ತಿರುವುದರಿಂದ ಈ ಫಲಿತಾಂಶ ನಮ್ಮ ಮನೆಬಾಗಿಲಿಗೇ ಬಂದಂತಿದೆ.

ಕನ್ನಡದ ಮಕ್ಕಳ ವಿಷಯದಲ್ಲಿ ಇನ್ನೊಂದು ಎಳೆ ಸೇರಿಕೊಳ್ಳುತ್ತದೆ. ಮೇಲಕ್ಕೆಸೆದ ಚೆಂಡಿನ ಬಗ್ಗೆ ಹಳ್ಳಿಯ ಹುಡುಗನನ್ನು ಕೇಳಿದರೆ, ಅದರಲ್ಲಿ ಇನ್ನೂ ಜೋರು ಇದೆ, ಜೋರು ಮುಗಿದ ಮೇಲೆ ಕೆಳಗೆ ಬರುತ್ತದೆ ಎನ್ನುತ್ತಾನೆ. ಈ ‘ಜೋರು’ ಏನು? ಎಸೆದ ವಸ್ತುವಿನೊಳಗೆ ತುಂಬಿಕೊಂಡು ಕ್ರಮೇಣ ಸೋರಿಹೋಗುವ ಒಂದು ಕಸುವು. ಆರನೇ ಶತಮಾನದ ಅಲೆಕ್ಸಾಂಡ್ರಿಯದಲ್ಲಿ ಫಿಲೊಪೋನಸ್, ಹದಿನಾಲ್ಕನೇ ಶತಮಾನದ ಪ್ಯಾರಿಸ್ಸಿನಲ್ಲಿ ಬ್ಯೂರಿಡನ್ ಎಸೆತವನ್ನು ವಿವರಿಸಲು ಇದನ್ನು ಹೋಲುವ ಕಲ್ಪನೆ ಕಟ್ಟಿದ್ದರು. ಅಂದರೆ ಹುಡುಗ ದಡ್ಡನಲ್ಲ, ನ್ಯೂಟನ್ನನ ಹಿಂದಿನ ಒಂದು ಗಟ್ಟಿ ಯೋಚನೆಯ ಹತ್ತಿರ ನಿಂತಿದ್ದಾನೆ. ಅವನ ‘ಜೋರು’ ಬಲಕ್ಕಿಂತ ಸಂವೇಗಕ್ಕೆ ಸಮೀಪ ಎಂದು ತೋರಿಸಿಕೊಡುವ ಶಿಕ್ಷಕರು ಸಿಕ್ಕರೆ ಅರ್ಧ ದಾರಿ ಮುಗಿದ ಹಾಗೆ. ಆಡುಮಾತಿನಲ್ಲಿ ಬಲ, ಶಕ್ತಿ, ತಾಕತ್ತು, ಸಾಮರ್ಥ್ಯ ಎಲ್ಲ ಒಂದರ ಬದಲು ಒಂದು ಬರುತ್ತವೆ. ಪಠ್ಯದಲ್ಲಿ ಬಲ ಬೇರೆ, ಶಕ್ತಿ ಬೇರೆ, ಸಾಮರ್ಥ್ಯ ಬೇರೆ. ವೇಗ, ಜವಗಳ ನಡುವೆಯೂ ಪಠ್ಯ ಗೆರೆ ಎಳೆಯುತ್ತದೆ, ಬಸ್ಸಿನಲ್ಲಿ ಹೋಗುವವರು ಎಳೆಯುವುದಿಲ್ಲ. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿ ಪಿಯುಗೆ ಬಂದೊಡನೆ ಇಂಗ್ಲಿಷಿಗೆ ಹೊರಳಿದ ವಿದ್ಯಾರ್ಥಿಗೆ ಈ ಗೋಜಲು ಬಿಡಿಸಿಕೊಳ್ಳಲು ಅವಕಾಶವೇ ಸಿಗುವುದಿಲ್ಲ. ಅವನು ಇಂಗ್ಲಿಷ್ ವ್ಯಾಖ್ಯೆಯನ್ನು ಕಂಠಪಾಠ ಮಾಡಿ ಒಳಗಿನ ‘ಜೋರ’ನ್ನು ಹಾಗೇ ಉಳಿಸಿಕೊಳ್ಳುತ್ತಾನೆ. ನಮ್ಮ ಯಾವ ಪರೀಕ್ಷೆಯೂ ಅದನ್ನು ಹೊರಗೆಳೆಯುವುದಿಲ್ಲ.

ಹಾಗಾದರೆ ವಿವರಿಸಿ ಬರೆಯುವ ಪ್ರಶ್ನೆ ಹೆಚ್ಚಿಸಿದರೆ ಯಾರಿಗೆ ಲಾಭ? ಈ ಆಕ್ಷೇಪಕ್ಕೆ ತೂಕವಿದೆ. ಚೆನ್ನಾಗಿ ಇಂಗ್ಲಿಷ್ ಬರೆಯಬಲ್ಲ, ಮನೆಯಲ್ಲಿ ಇಂಥ ಮಾತುಕತೆ ಕೇಳಿ ಬೆಳೆದ ನಗರದ ಮಗುವಿಗೇ ಅದು ಅನುಕೂಲವಾದೀತು. ಊಹಿಸಬಹುದಾದ ಪತ್ರಿಕೆ ಎಷ್ಟೇ ಸಪ್ಪೆಯಾದರೂ ಬಡವರ ಮನೆಯ ಮಗುವಿಗೆ ಒಂದು ಭರವಸೆ. ಇಷ್ಟು ದುಡಿದರೆ ಇಷ್ಟು ಅಂಕ ಎಂಬ ಕರಾರು ಅಲ್ಲಿದೆ. ಅದನ್ನು ಒಮ್ಮೆಲೇ ಮುರಿಯುವ ಹಕ್ಕು ಯಾವ ಸುಧಾರಕರಿಗೂ ಇಲ್ಲ. ಮೌಲ್ಯಮಾಪಕರೊಬ್ಬರ ಅಂಕಕ್ಕೂ ಇನ್ನೊಬ್ಬರ ಅಂಕಕ್ಕೂ ಅಂತರ ಬೀಳುವ ಭಯವೂ ನಿಜವಾದದ್ದೇ.

ಹಾಗಾಗಿ ಮಾಡಬೇಕಾದದ್ದು ಚಿಕ್ಕದಾಗಿ, ನಿಶ್ಚಿತವಾಗಿ ಇರಬೇಕು. ಬೋರ್ಡ್ ಪರೀಕ್ಷೆಯ 70ರಲ್ಲಿ 10 ಅಂಕವನ್ನು ಪುಸ್ತಕದಲ್ಲಿಲ್ಲದ, ಆದರೆ ಪುಸ್ತಕದ ತತ್ತ್ವದಿಂದಲೇ ಬಿಡಿಸಬಹುದಾದ ಪ್ರಶ್ನೆಗಳಿಗೆ ಮೀಸಲಿಡಬಹುದು. ಒಂದು ಚಿತ್ರ, ಮುಂದೇನಾಗುತ್ತದೆ ಎಂಬ ಪ್ರಶ್ನೆ, ಎರಡು ವಾಕ್ಯದಲ್ಲಿ ಕಾರಣ. ಕನ್ನಡವೋ ಇಂಗ್ಲಿಷೋ ಎರಡೂ ಬೆರೆತೋ ಬರೆದರೂ ಪೂರ್ಣ ಅಂಕ. ಪಾರಿಭಾಷಿಕ ಪದ ತಪ್ಪಿದರೂ ವಿಚಾರ ಸರಿಯಿದ್ದರೆ ಅಂಕ ಕಡಿಯಬಾರದು. ಎರಡು ವರ್ಷ ಮೊದಲೇ ಇಂಥ ಪ್ರಶ್ನೆಗಳ ದೊಡ್ಡ ಕಂತೆಯನ್ನು ಕನ್ನಡದಲ್ಲೇ ಎಲ್ಲ ಕಾಲೇಜಿಗೂ ಕಳಿಸಬೇಕು. ಪ್ರವೇಶ ಪರೀಕ್ಷೆಗಳಲ್ಲಿ ಪ್ರಶ್ನೆಯ ಸಂಖ್ಯೆ ಇಳಿಸಿ ಸಮಯವನ್ನು ಹಾಗೇ ಬಿಟ್ಟರೂ ದೊಡ್ಡ ಉಪಕಾರ.

ಮೌಲ್ಯಮಾಪನ ಕೇಂದ್ರಗಳಲ್ಲಿ ಪ್ರತಿ ವರ್ಷ ಲಕ್ಷಾಂತರ ಉತ್ತರಪತ್ರಿಕೆ ಓದುವ ಉಪನ್ಯಾಸಕರ ಹತ್ತಿರ ಬೆಲೆಕಟ್ಟಲಾಗದ ಮಾಹಿತಿ ಇದೆ. ಮಕ್ಕಳು ಎಲ್ಲಿ, ಯಾವ ರೀತಿ ತಪ್ಪುತ್ತಾರೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಂಗ್ಲೆಂಡಿನ ಪರೀಕ್ಷಾ ಮಂಡಳಿಗಳು ಪರೀಕ್ಷೆ ಮುಗಿದ ಮೇಲೆ ಯಾವ ಪ್ರಶ್ನೆಗೆ ವಿದ್ಯಾರ್ಥಿಗಳು ಹೇಗೆ ಉತ್ತರಿಸಿದರು, ಎಲ್ಲಿ ಎಡವಿದರು ಎಂಬ ಪರೀಕ್ಷಕರ ವರದಿ ಪ್ರಕಟಿಸುತ್ತವೆ. ನಮ್ಮಲ್ಲಿ ಫಲಿತಾಂಶದ ದಿನ ಚರ್ಚೆಯಾಗುವುದು ಉಡುಪಿ ಮೊದಲೋ ದಕ್ಷಿಣ ಕನ್ನಡ ಮೊದಲೋ, ಯಾವ ಜಿಲ್ಲೆ ಕೊನೆಗೆ ಎಂಬುದು. ನಮ್ಮ ಮೌಲ್ಯಮಾಪಕರ ಅನುಭವದಿಂದ ಇಪ್ಪತ್ತು ಪುಟದ ಒಂದು ಪುಸ್ತಿಕೆ ಪ್ರತಿ ವರ್ಷ ಕಾಲೇಜುಗಳಿಗೆ ತಲುಪಿದರೆ ಪಾಠವೂ ಬದಲಾಗುತ್ತದೆ, ಮುಂದಿನ ಪತ್ರಿಕೆಯ ತಪ್ಪು ಆಯ್ಕೆಗಳಿಗೂ ಸರಕು ಸಿಗುತ್ತದೆ.

ಇದು ನಮ್ಮಿಂದಾಗದ ಕೆಲಸವೇನಲ್ಲ. ಅಂತಾರಾಷ್ಟ್ರೀಯ ಭೌತಶಾಸ್ತ್ರ ಒಲಿಂಪಿಯಾಡ್‌ಗೆ ಭಾರತ 1998ರಿಂದ ತಂಡ ಕಳಿಸುತ್ತಿದೆ, 2015ರಲ್ಲಿ ಮುಂಬೈಯಲ್ಲಿ ಅದನ್ನು ನಡೆಸಿಯೂ ಇದೆ. ಅಲ್ಲಿ ಸಿದ್ಧಾಂತಕ್ಕೆ 30, ಪ್ರಯೋಗಕ್ಕೆ 20 ಅಂಕ. ಎರಡಕ್ಕೂ ಐದೈದು ಗಂಟೆ. ಪ್ರಯೋಗ ಎಂದೂ ನೋಡಿರದದ್ದು, ಅಳತೆಯ ದೋಷವನ್ನು ಅಂದಾಜಿಸದಿದ್ದರೆ ಉತ್ತರ ಪೂರ್ಣವಾಗುವುದಿಲ್ಲ. ಅದಕ್ಕಾಗಿ ಮಕ್ಕಳನ್ನು ಅಣಿಗೊಳಿಸುವವರು ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರು, ನಮ್ಮದೇ ದೇಶದ ಶಿಕ್ಷಕರು. ಐದು ಮಂದಿಗೆ ಸಿಗುವ ಆ ಪರೀಕ್ಷೆಯ ಒಂದು ತುಣುಕಾದರೂ ರಾಜ್ಯದ ಎರಡೂವರೆ ಲಕ್ಷಕ್ಕೂ ಹೆಚ್ಚಿನ ವಿಜ್ಞಾನ ವಿದ್ಯಾರ್ಥಿಗಳಿಗೆ ಸಿಗಬೇಕು. ಪ್ರಾಯೋಗಿಕ ಪರೀಕ್ಷೆಯ 30ರಲ್ಲಿ 5 ಅಂಕಕ್ಕೆ ಒಂದು ಸ್ಪ್ರಿಂಗು, ಒಂದು ಸ್ಕೇಲು, 50 ಗ್ರಾಮಿನ ನಾಲ್ಕು ತೂಕದ ಬಟ್ಟು ಕೊಟ್ಟು, ಅಂಗಳದಿಂದ ತಂದ ಕಲ್ಲಿನ ತೂಕ ಎಷ್ಟು, ನಿನ್ನ ಉತ್ತರ ಎಷ್ಟು ಆಚೀಚೆ ಇರಬಹುದು ಎಂದು ಕೇಳಬಹುದು. ಕಲ್ಲು ಪ್ರತಿ ತಂಡಕ್ಕೂ ಬೇರೆ, ಹಿಂದಿನ ತಂಡದವರು ಬಂದು ಹೇಳಲು ಏನೂ ಇರುವುದಿಲ್ಲ.

ಸಿಬಿಎಸ್‌ಇ 2024ರಲ್ಲಿ ಹನ್ನೊಂದು, ಹನ್ನೆರಡನೇ ತರಗತಿಗಳ ಪತ್ರಿಕೆಯಲ್ಲಿ ಸಾಮರ್ಥ್ಯ ಆಧಾರಿತ ಪ್ರಶ್ನೆಗಳ ಪಾಲನ್ನು ಶೇ. 40ರಿಂದ 50ಕ್ಕೆ ಏರಿಸಿತು. ದಿಕ್ಕು ಸರಿಯಿದೆ. ಆದರೆ ಪಾಲು ಏರಿಸುವುದು ಸುಲಭ, ಅಂಥ ಪ್ರಶ್ನೆ ಬರೆಯುವುದು ಕಷ್ಟ. ಕಾಲು ಪುಟದ ಕಥೆ ಬರೆದು ಕೊನೆಯಲ್ಲಿ ಹಳೆಯ ಸೂತ್ರದ ಪ್ರಶ್ನೆಯನ್ನೇ ಕೇಳಿದರೆ ಉದ್ದವಾದದ್ದು ಪ್ರಶ್ನೆಪತ್ರಿಕೆ ಮಾತ್ರ.

ಒಳ್ಳೆಯ ಪ್ರಶ್ನೆ ಹುಡುಕಲು ದೂರ ಹೋಗಬೇಕಿಲ್ಲ. ಯಾವುದೇ ಊರಿನ ಮಿಕ್ಸಿ, ಮೋಟಾರು ರಿಪೇರಿ ಅಂಗಡಿಯ ಹಲಗೆಯ ಮೇಲೆ ಹೋಲ್ಡರಿನಲ್ಲಿ ಒಂದು ಹಳೆಯ 100 ವ್ಯಾಟ್ ಬಲ್ಬು ಇರುತ್ತದೆ. ರಿಪೇರಿಗೆ ಬಂದ ಮಿಕ್ಸಿಯನ್ನು ಅದರ ಜೊತೆ ಸೀರೀಸ್‌ನಲ್ಲಿ ಹಾಕಿ ಸ್ವಿಚ್ ಒತ್ತುತ್ತಾರೆ. ಬಲ್ಬು ಜಗ್ಗನೆ ಪೂರ್ತಿ ಹೊತ್ತಿಕೊಂಡರೆ ಒಳಗೆ ಶಾರ್ಟ್ ಆಗಿದೆ, ಮಂದವಾಗಿ ಉರಿದರೆ ಸದ್ಯಕ್ಕೆ ಭಯವಿಲ್ಲ, ಹೊತ್ತಲೇ ಇಲ್ಲವೆಂದರೆ ಎಲ್ಲೋ ತಂತಿ ಕಡಿದಿದೆ. ಇದೇಕೆ ಹೀಗೆ ಎಂದು ದ್ವಿತೀಯ ಪಿಯು ಪತ್ರಿಕೆಯಲ್ಲಿ ಮೂರು ಅಂಕಕ್ಕೆ ಕೇಳಬಹುದು. ಇನ್ನೆರಡು ಅಂಕಕ್ಕೆ, ಆ ಜಾಗದಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಹಾಕಿದರೆ ಏಕೆ ಸರಿಹೋಗುವುದಿಲ್ಲ ಎಂದು ಕೇಳಬಹುದು. ಎಲ್‌ಇಡಿಯ ಒಳಗೆ ಎಲೆಕ್ಟ್ರಾನಿಕ್ ಡ್ರೈವರ್ ಇದೆ, ಅದನ್ನು ಫಿಲಮೆಂಟಿನಂತೆ ಒಂದು ರೋಧವೆಂದು ಎಣಿಸಿ ಲೆಕ್ಕ ಹಾಕುವಂತಿಲ್ಲ. ಮನೆಗಳಿಂದ ಫಿಲಮೆಂಟ್ ಬಲ್ಬು ಮಾಯವಾಗಿ ವರ್ಷಗಳೇ ಆದರೂ ಪುಸ್ತಕದ ಲೆಕ್ಕಗಳಲ್ಲಿ ಅದು ಇನ್ನೂ ಉರಿಯುತ್ತಿದೆ, ಅದನ್ನು ಒಮ್ಮೆಯೂ ಕೈಯಲ್ಲಿ ಹಿಡಿಯದ ಮಕ್ಕಳು ಅದರ ರೋಧ ಕಂಡುಹಿಡಿಯುತ್ತಿದ್ದಾರೆ. ರಿಪೇರಿ ಅಂಗಡಿಯವರು ಮಾತ್ರ ಅಂಥ ನಾಲ್ಕು ಬಲ್ಬುಗಳನ್ನು ಜೋಪಾನವಾಗಿ ರಟ್ಟಿನ ಪೆಟ್ಟಿಗೆಯಲ್ಲಿ ಎತ್ತಿಟ್ಟುಕೊಂಡಿರುತ್ತಾರೆ. ಕಾಲೇಜಿನ ಲ್ಯಾಬಿಗೆ ಒಂದೆರಡು ಬೇಕೆಂದು ಉಪನ್ಯಾಸಕರು ಹೋಗಿ ಕೇಳಿದರೆ ಇಲ್ಲ ಎನ್ನಲಿಕ್ಕಿಲ್ಲ.